ಪುಸ್ತಕದ ಅಂಗಡಿ ಮತ್ತು ಗ್ರಂಥಾಲಯ: ಸಾರ್ವಜನಿಕ ಅವಕಾಶದ ಪ್ರಶ್ನೆ

1

ಟಿ.ಎಸ್. ಶಾನಭಾಗರು 1971ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಪ್ರೀಮಿಯರ್ ಬುಕ್‌ಶಾಪ್ 2009ರಲ್ಲಿ ಮುಚ್ಚಿತು. ಆ ಇಕ್ಕಟ್ಟಾದ ಅಂಗಡಿಯಲ್ಲಿ ಪುಸ್ತಕಗಳನ್ನು ನೆಲದಿಂದ ಮೇಲಕ್ಕೆ ಗೋಡೆಗಳಂತೆ ಒಟ್ಟಲಾಗಿತ್ತು. ಯಾವ ಪುಸ್ತಕ ಯಾವ ರಾಶಿಯಲ್ಲಿದೆ ಎಂಬ ಸೂಚಿ ಮಾಲೀಕರ ನೆನಪಿನಲ್ಲಿ ಮಾತ್ರ ಇತ್ತು. ಅಂಗಡಿ ಮುಚ್ಚಿದಾಗಲೂ, 2021ರಲ್ಲಿ ಶಾನಭಾಗರು ತೀರಿಕೊಂಡಾಗಲೂ ಅನೇಕರು ನೆನಪಿನ ಬರಹಗಳನ್ನು ಬರೆದರು. ಆ ಬರಹಗಳನ್ನು ಇಂದು ಓದಿದರೆ ಒಂದು ಅಂಶ ಗಮನ ಸೆಳೆಯುತ್ತದೆ. ಅಲ್ಲಿ ಕೊಂಡ ಪುಸ್ತಕಗಳಷ್ಟೇ ಪ್ರೀತಿಯಿಂದ, ಅಲ್ಲಿ ಏನನ್ನೂ ಕೊಳ್ಳದೆ ಕಳೆದ ಹೊತ್ತನ್ನೂ ಜನ ನೆನೆದಿದ್ದಾರೆ. ವ್ಯಾಪಾರದ ಸ್ಥಳವೊಂದು ವ್ಯಾಪಾರವಲ್ಲದ ಕಾರಣಕ್ಕಾಗಿ ನೆನಪಿನಲ್ಲಿ ಉಳಿದಿದೆ.

ಇದರ ಜೊತೆಯಲ್ಲಿ ಇನ್ನೊಂದು ಸಂಗತಿಯನ್ನು ಇಟ್ಟು ನೋಡಬೇಕು. ನಮ್ಮ ಬಡಾವಣೆಯ ಶಾಖಾ ಗ್ರಂಥಾಲಯ ಬೇರೆಡೆಗೆ ಸ್ಥಳಾಂತರಗೊಂಡರೆ, ಅದರ ವೇಳೆ ಕಡಿತವಾದರೆ, ಅಲ್ಲಿಗೆ ಹೊಸ ಪುಸ್ತಕ ಬರುವುದು ನಿಂತರೆ ನಾವಾರೂ ಅಂಥ ಬರಹವನ್ನು ಬರೆಯುವುದಿಲ್ಲ. ಬಹುಶಃ ಅದು ನಮಗೆ ತಿಳಿಯುವುದೂ ಇಲ್ಲ. ಕಾಯಿದೆಯ ದೃಷ್ಟಿಯಿಂದ ಗ್ರಂಥಾಲಯ ನಮ್ಮದು, ಅಂಗಡಿ ಬೇರೊಬ್ಬರದು. ಆದರೂ ನಮ್ಮದೆಂಬ ಭಾವ ಅಂಗಡಿಯ ಬಗೆಗೆ ಹುಟ್ಟಿತು, ಗ್ರಂಥಾಲಯದ ಬಗೆಗೆ ಹುಟ್ಟಲಿಲ್ಲ. ಏಕೆ ಹೀಗಾಯಿತು ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ. ಪುಸ್ತಕದ ಅಂಗಡಿಯು ಸಾರ್ವಜನಿಕ ಸ್ಥಳದ ನಡವಳಿಕೆಯನ್ನು ನಮಗೆ ಕೊಟ್ಟಿದೆ, ಗ್ರಂಥಾಲಯವು ಸಾರ್ವಜನಿಕ ಸ್ಥಳದ ಹಕ್ಕನ್ನು ಕೊಟ್ಟಿದೆ. ಇವೆರಡೂ ಬೇರೆಬೇರೆಯಾಗಿಯೇ ಉಳಿದಿರುವುದರಿಂದ ನಷ್ಟ ಆಗುತ್ತಿರುವುದು ನಮ್ಮ ವಿದ್ಯಾರ್ಥಿಗಳಿಗೆ ಎಂಬುದು ನನ್ನ ಅಭಿಪ್ರಾಯ.

2

ಮೊದಲು ಪದಗಳನ್ನು ಗಮನಿಸಬಹುದು. ಕನ್ನಡದಲ್ಲಿ ಈ ಎರಡು ತಾಣಗಳ ನಡುವಣ ಗಡಿ ಅಷ್ಟೇನೂ ಗಟ್ಟಿಯಾದುದಲ್ಲ. 'ಸರಸ್ವತೀ ಭಂಡಾರ' ಎಂದರೆ ಗ್ರಂಥಗಳನ್ನು ಕಾಪಿಡುವ ಜಾಗ. ಅದೇ 'ಭಂಡಾರ' ಇಂದು ಊರೂರಿನ ಮಾರಾಟದ ಅಂಗಡಿಗಳ ನಾಮಫಲಕದಲ್ಲಿ 'ಪುಸ್ತಕ ಭಂಡಾರ'ವಾಗಿ ಕಾಣಿಸುತ್ತದೆ. ಧಾರವಾಡದ ಸಮಾಜ ಪುಸ್ತಕಾಲಯವು ಹೆಸರಿನಲ್ಲಿ ಪುಸ್ತಕಾಲಯ, ಕೆಲಸದಲ್ಲಿ ಪ್ರಕಾಶನ ಮತ್ತು ಮಾರಾಟದ ಸಂಸ್ಥೆ. ಬಳಸುವವರನ್ನು ಕರೆಯುವ ಪದಗಳಲ್ಲಿ ಮಾತ್ರ ವ್ಯತ್ಯಾಸ ಸ್ಪಷ್ಟವಾಗಿದೆ. ಅಂಗಡಿಗೆ ಬರುವವನು ಗಿರಾಕಿ ಅಥವಾ ಗ್ರಾಹಕ. ಗ್ರಂಥಾಲಯಕ್ಕೆ ಬರುವವನು ಸದಸ್ಯ. ಗಿರಾಕಿಯಾಗಲು ಯಾರ ಅನುಮತಿಯೂ ಬೇಡ, ಸದಸ್ಯನಾಗಲು ಅರ್ಜಿ ಬೇಕು. ಎರಡೂ ಕಡೆಗೆ ಸಲ್ಲಬೇಕಾದ 'ಓದುಗ' ಎಂಬ ಪದ ಎರಡೂ ಕಡೆಯ ಕಡತಗಳಲ್ಲಿ ವಿರಳ.

'ಅವಕಾಶ' ಎಂಬ ಪದವೂ ಇಲ್ಲಿ ಪ್ರಸ್ತುತವಾಗುತ್ತದೆ. ಅದಕ್ಕೆ ಸ್ಥಳ ಎಂಬ ಅರ್ಥವೂ ಉಂಟು, ಅನುಕೂಲ ಸಂದರ್ಭ ಎಂಬ ಅರ್ಥವೂ ಉಂಟು. ಸಾರ್ವಜನಿಕ ಸ್ಥಳದ ಚರ್ಚೆಯಲ್ಲಿ ಈ ಎರಡೂ ಅರ್ಥಗಳು ಕೂಡಿಯೇ ಬರಬೇಕು. ಕಟ್ಟಡವಿದ್ದು, ಬಾಗಿಲು ತೆರೆದಿದ್ದು, ಒಳಗೆ ಹೋಗುವ ಧೈರ್ಯವಿಲ್ಲದಿದ್ದರೆ ಸ್ಥಳವಿದೆ, ಅವಕಾಶವಿಲ್ಲ.

ಗ್ರಂಥವನ್ನು ಕಾಪಿಡುವುದು ಮತ್ತು ಗ್ರಂಥವನ್ನು ಬಳಕೆಗೆ ಬಿಡುವುದು ನಮ್ಮ ಪರಂಪರೆಯಲ್ಲಿ ಎರಡು ಭಿನ್ನ ಧೋರಣೆಗಳಾಗಿ ಬಂದಿವೆ. ಮೂಡಬಿದಿರೆಯಲ್ಲಿದ್ದ ಧವಲ ಗ್ರಂಥಗಳ ತಾಡವೋಲೆಗಳು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದವರೆಗೂ ಬಹುಮಟ್ಟಿಗೆ ದರ್ಶನದ ವಸ್ತುಗಳಾಗಿದ್ದವು. ಯಾತ್ರಿಕರು ಅವನ್ನು ಕಂಡು ಕೈಮುಗಿಯುತ್ತಿದ್ದರು. ಗ್ರಂಥಗಳು ಉಳಿದುಬಂದದ್ದು ಆ ಕಾಪಿನಿಂದಲೇ ಎಂಬುದನ್ನು ಮರೆಯಬಾರದು. ಆದರೆ ಅದಕ್ಕಿಂತ ಹಲವು ಶತಮಾನಗಳ ಹಿಂದೆ, ಅದೇ ಜೈನ ಪರಂಪರೆಯಲ್ಲಿ, ಅತ್ತಿಮಬ್ಬೆ ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬ ಸಂಗತಿ ನಮಗೆಲ್ಲ ತಿಳಿದುದೇ ಆಗಿದೆ. ಒಂದು ಧೋರಣೆ ಪುಸ್ತಕವನ್ನು ಓದುಗನಿಂದ ಕಾಯುತ್ತದೆ. ಇನ್ನೊಂದು ಪುಸ್ತಕವನ್ನು ಓದುಗನೆಡೆಗೆ ಕಳಿಸುತ್ತದೆ. ಆಧುನಿಕ ಕಾಲದಲ್ಲಿ ಈ ಎರಡನೆಯ ಧೋರಣೆಗೆ ಶಾಸ್ತ್ರದ ರೂಪ ಕೊಟ್ಟವರು ಎಸ್.ಆರ್. ರಂಗನಾಥನ್. 1931ರಲ್ಲಿ ಅವರು ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಮೊದಲನೆಯದು ಪುಸ್ತಕದ ಬಳಕೆಯನ್ನೇ ಕುರಿತದ್ದು. ಓದುಗರು ತಾವೇ ಕಪಾಟುಗಳ ನಡುವೆ ಓಡಾಡಿ ಪುಸ್ತಕ ತೆಗೆದುಕೊಳ್ಳುವ ಮುಕ್ತ ಪದ್ಧತಿಯನ್ನು ಅವರು ಮದರಾಸು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಜಾರಿಗೆ ತಂದರು. ಅವರು ಕೊನೆಯ ವರ್ಷಗಳನ್ನು ಕಳೆದದ್ದೂ, 1962ರಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನ ಕೇಂದ್ರವನ್ನು ಕಟ್ಟಿದ್ದೂ ಬೆಂಗಳೂರಿನಲ್ಲಿ.

3

ಅಂಗಡಿಯನ್ನು ಜನ ಹೇಗೆ ಬಳಸುತ್ತಾರೆ? ಒಂದು ಭಾನುವಾರದ ಮಧ್ಯಾಹ್ನ ಚರ್ಚ್ ಸ್ಟ್ರೀಟಿನ ಹಳೆಯ-ಹೊಸ ಪುಸ್ತಕಗಳ ಅಂಗಡಿಗಳಲ್ಲಿ ನಿಂತು ನೋಡಿದರೆ ಸಾಕು. ಯಾರನ್ನೋ ಕಾಯಲು ಬಂದವರು, ಮಳೆಗೆ ಒಳಬಂದವರು, ಮಗುವಿಗೆ ಚಿತ್ರದ ಪುಸ್ತಕ ತೋರಿಸುತ್ತಿರುವವರು, ಅರ್ಧ ಅಧ್ಯಾಯವನ್ನು ನಿಂತೇ ಓದಿ ಮುಗಿಸುವವರು, ಪುಸ್ತಕದ ಬೆಲೆ ನೋಡಿ ಹೆಸರನ್ನಷ್ಟೇ ಬರೆದುಕೊಳ್ಳುವವರು, ಅಪರಿಚಿತರ ಕೈಯಲ್ಲಿರುವ ಪುಸ್ತಕವನ್ನು ಕಂಡು ಮಾತಿಗೆ ಇಳಿಯುವವರು, ಹೀಗೆ ಹಲವು ಬಗೆಯವರು ಅಲ್ಲಿದ್ದಾರೆ. ಮುಟ್ಟಬಹುದು, ತಿರುವಬಹುದು, ಮಾತನಾಡಬಹುದು, ಹೆಸರು ಹೇಳದೆ ಇರಬಹುದು, ಬರಿಗೈಯಲ್ಲಿ ಹೋಗಬಹುದು. ಈ ಐದು ಸ್ವಾತಂತ್ರ್ಯಗಳು ಅಂಗಡಿಯ ಸಾರ್ವಜನಿಕತೆಯ ಚಹರೆಗಳು.

ಇಂಥ ತಾಣಗಳಿಗೆ ಪಾಶ್ಚಾತ್ಯ ಸಮಾಜಶಾಸ್ತ್ರದಲ್ಲಿ ಹೆಸರುಗಳಿವೆ. ಮನೆಯೂ ಅಲ್ಲದ, ಕೆಲಸದ ಜಾಗವೂ ಅಲ್ಲದ 'ಮೂರನೆಯ ತಾಣ'ದ ಪರಿಕಲ್ಪನೆಯನ್ನು ರೇ ಓಲ್ಡನ್‌ಬರ್ಗ್ 1989ರಲ್ಲಿ ಮಂಡಿಸಿದ. ಯೂರ್ಗೆನ್ ಹೇಬರ್ಮಾಸ್ 1962ರಷ್ಟು ಹಿಂದೆಯೇ ಕಾಫಿ ಮನೆಗಳು ಮತ್ತು ಓದುಗರ ಕೂಟಗಳಿಂದ ಯುರೋಪಿನಲ್ಲಿ ಸಾರ್ವಜನಿಕ ವಲಯ ರೂಪುಗೊಂಡ ಬಗೆಯನ್ನು ವಿವರಿಸಿದ್ದ. ಆ ವಲಯದಿಂದ ಹೆಂಗಸರೂ ದುಡಿಯುವ ವರ್ಗದವರೂ ಹೊರಗಿದ್ದರೆಂಬ ಆಕ್ಷೇಪವನ್ನು ನ್ಯಾನ್ಸಿ ಫ್ರೇಸರ್ ಮೊದಲಾದವರು ನಂತರ ಎತ್ತಿದರು. ನಮ್ಮ ಸಂದರ್ಭಕ್ಕೆ ಪರಿಕಲ್ಪನೆಗಿಂತಲೂ ಈ ಆಕ್ಷೇಪವೇ ಹೆಚ್ಚು ಉಪಯುಕ್ತವೆಂದು ತೋರುತ್ತದೆ.

ನಮ್ಮಲ್ಲಿಯೇ ಇದಕ್ಕೆ ಉಜ್ವಲವಾದ ಉದಾಹರಣೆಯೊಂದಿದೆ. ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯ 'ಅಟ್ಟ' ಧಾರವಾಡದ ಸುಭಾಸ ರಸ್ತೆಯಲ್ಲಿದೆ. ಕಟ್ಟುನಿಟ್ಟಾಗಿ ಹೇಳುವುದಾದರೆ ಅದು ಅಂಗಡಿಯಲ್ಲ, ಪ್ರಕಾಶನದ ಕಚೇರಿ. ಆದರೆ ಚಂದಾದಾರ, ಲೇಖಕ, ವಿಮರ್ಶಕ ಒಂದೇ ಚಾಪೆಯ ಮೇಲೆ ಕೂಡುವುದಕ್ಕೆ ಅಲ್ಲಿ ಆಸ್ಪದವಿತ್ತು. ಕೀರ್ತಿನಾಥ ಕುರ್ತಕೋಟಿಯವರ ವಿಮರ್ಶೆ, 1961ರಲ್ಲಿ ಗ್ರಂಥಮಾಲೆಯಿಂದ ಹೊರಬಂದ ಗಿರೀಶ ಕಾರ್ನಾಡರ 'ಯಯಾತಿ' ಇವುಗಳ ಹಿಂದೆ ಆ ಅಟ್ಟದ ಹರಟೆ ಇದೆ. ನವ್ಯ ಸಾಹಿತ್ಯದ ಚರಿತ್ರೆಯನ್ನು ಬರೆಯುವಾಗ ನಾವು ಪಠ್ಯಗಳನ್ನು ಮಾತ್ರ ನೋಡುತ್ತೇವೆ. ಪಠ್ಯಗಳು ಹುಟ್ಟಿದ ಜಾಗವನ್ನು ನೋಡುವುದು ಕಡಿಮೆ. ಹಾಗೆಯೇ ಆ ಅಟ್ಟದ ನೆನಪುಗಳಲ್ಲಿ ಬರುವ ಹೆಸರುಗಳು ಬಹುಪಾಲು ಗಂಡಸರವೇ ಎಂಬುದನ್ನೂ ದಾಖಲಿಸಬೇಕಾಗುತ್ತದೆ.

ಅಂಗಡಿಗೆ ಹೊಸ್ತಿಲಿದೆ, ಅದು ಎಲ್ಲರಿಗೂ ಒಂದೇ ಎತ್ತರದಲ್ಲಿಲ್ಲ. ಕೆಲವು ವರ್ಷಗಳ ಹಿಂದೆ ಹಳ್ಳಿಯಿಂದ ಬಂದ ಸಂಶೋಧನ ವಿದ್ಯಾರ್ಥಿಯೊಬ್ಬನನ್ನು ಪುಸ್ತಕದ ಅಂಗಡಿಗೆ ಕರೆದೊಯ್ದಿದ್ದೆ. ಅವನು ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತುಕೊಂಡು, "ಒಳಗ ಹೋದ ಮ್ಯಾಲೆ ಏನರೆ ತಗೋಳಾಕಬೇಕಲ್ರೀ ಸರ?" ಎಂದು ಕೇಳಿದ. ಬರಿಗೈಯಲ್ಲಿ ಹೊರಬರುವುದು ಸರಿಯೇ ಎಂಬ ಪ್ರಶ್ನೆ ನನಗೆ ಅದುವರೆಗೆ ಒಮ್ಮೆಯೂ ಎದುರಾಗಿರಲಿಲ್ಲ. ಕೊಳ್ಳಬಲ್ಲವನಂತೆ ಕಾಣುವವನಿಗೆ ಮಾತ್ರ ಕೊಳ್ಳದಿರುವ ಸ್ವಾತಂತ್ರ್ಯ ಸುಲಭವಾಗಿ ಸಿಗುತ್ತದೆ. ಉಡುಪು, ಭಾಷೆ, ಆತ್ಮವಿಶ್ವಾಸಗಳು ಅಲ್ಲಿ ಪ್ರವೇಶಪತ್ರಗಳಾಗುತ್ತವೆ. ಜಾಗತೀಕರಣದ ನಂತರ ಮಾಲ್‌ಗಳೊಳಗೆ ಬಂದ, ಕುರ್ಚಿಯನ್ನೂ ಕಾಫಿಯನ್ನೂ ಒದಗಿಸಿದ ದೊಡ್ಡ ಮಳಿಗೆಗಳಲ್ಲಿ ಈ ಹೊಸ್ತಿಲು ಇನ್ನಷ್ಟು ಎತ್ತರವಾಯಿತು. ಅಲ್ಲಿ ಕನ್ನಡಕ್ಕೆ ಸಾಮಾನ್ಯವಾಗಿ ಸಿಕ್ಕದ್ದು ಮೂಲೆಯ ಒಂದು ಕಪಾಟು.

ಹೊಸ್ತಿಲೇ ಇಲ್ಲದ ಅಂಗಡಿಗಳೂ ಇವೆ ಎಂಬುದನ್ನು ಮರೆಯುವಂತಿಲ್ಲ. ಅವೆನ್ಯೂ ರಸ್ತೆಯ ಪಾದಚಾರಿ ಮಾರ್ಗದ ಹಳೆಯ ಪುಸ್ತಕಗಳ ಸಾಲಿಗೆ ಬಾಗಿಲಿಲ್ಲ. ನಡೆಯುತ್ತಿದ್ದವನು ನಿಂತರೆ ಅವನೇ ಗಿರಾಕಿ. ಸಾಹಿತ್ಯ ಸಮ್ಮೇಳನದ ಪುಸ್ತಕ ಮಳಿಗೆಗಳಲ್ಲಿ ಜಾತ್ರೆಗೆ ಬಂದಂತೆ ಬಂದವರು ಗುಂಪಿನ ಧೈರ್ಯದಲ್ಲಿ ಪುಸ್ತಕ ಮುಟ್ಟುತ್ತಾರೆ. 2023ರ ಹಾವೇರಿ ಸಮ್ಮೇಳನವಾಗಲಿ 2024ರ ಮಂಡ್ಯ ಸಮ್ಮೇಳನವಾಗಲಿ, ಗೋಷ್ಠಿಗಳಿಗೆ ಹೋಗದವರೂ ಮಳಿಗೆಗಳಿಗೆ ಹೋಗುವುದಕ್ಕೆ ಇದೂ ಒಂದು ಕಾರಣವೆಂದು ನಾನು ಭಾವಿಸುತ್ತೇನೆ. ರಾಜ್ಯೋತ್ಸವದ ತಿಂಗಳಲ್ಲಿ ನಮ್ಮ ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳು ರಿಯಾಯಿತಿ ಮಾರಾಟ ಮಾಡುವಾಗಲೂ ಇದೇ ಬಗೆಯ ಜನರನ್ನು ಕಾಣಬಹುದು. ಬೆಲೆ ಇಳಿದಾಗ ಹೊಸ್ತಿಲೂ ಇಳಿಯುತ್ತದೆ.

4

ಗ್ರಂಥಾಲಯದ ಬಳಕೆ ಇದಕ್ಕೆ ಬಹುಮಟ್ಟಿಗೆ ತದ್ವಿರುದ್ಧವಾದುದು. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ವ್ಯವಸ್ಥೆಗೆ ಕಾನೂನಿನ ಆಧಾರ ಒದಗಿಸಿದ್ದು 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ. ಆಸ್ತಿ ತೆರಿಗೆಯ ಮೇಲೆ ಶೇ. 6ರಷ್ಟು ಗ್ರಂಥಾಲಯ ಉಪಕರವನ್ನು ಸ್ಥಳೀಯ ಸಂಸ್ಥೆಗಳು ಸಂಗ್ರಹಿಸುತ್ತವೆ. ಸಂಗ್ರಹಿಸಿದ ಉಪಕರ ಸಕಾಲಕ್ಕೆ ಗ್ರಂಥಾಲಯಗಳಿಗೆ ತಲಪುವುದಿಲ್ಲವೆಂಬ ದೂರು ಹಳೆಯದು. ಅದೇನೇ ಇರಲಿ, ಮನೆಯ ತೆರಿಗೆ ಕಟ್ಟುವ ಪ್ರತಿಯೊಬ್ಬರೂ, ಬಾಡಿಗೆಯ ಮೂಲಕ ಅದನ್ನು ಭರಿಸುವ ಪ್ರತಿಯೊಬ್ಬರೂ ಗ್ರಂಥಾಲಯಕ್ಕೆ ಈಗಾಗಲೇ ಹಣ ಕೊಟ್ಟವರು. ಅಲ್ಲಿ ಬರಿಗೈಯಲ್ಲಿ ಹೋಗುವವನು ಯಾರೂ ಇಲ್ಲ. ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ನಿಜವಾದ ಉತ್ತರ ಅಂಗಡಿಯಲ್ಲಿಲ್ಲ, ಈ ಕಾಯಿದೆಯಲ್ಲಿದೆ.

ಆದರೆ ಹಕ್ಕಿನ ಈ ಮನೆಯ ನಡವಳಿಕೆ ಹೇಗಿದೆ? ನಾನು ಕಾಲೇಜು ಓದುತ್ತಿದ್ದಾಗ ನಮ್ಮ ಊರಿನ ಗ್ರಂಥಾಲಯದಲ್ಲಿ ಕಪಾಟುಗಳಿಗೆ ಬೀಗ ಹಾಕಿರುತ್ತಿದ್ದರು. ಪುಸ್ತಕದ ಹೆಸರನ್ನು ಚೀಟಿಯಲ್ಲಿ ಬರೆದು ಕಿಟಕಿಯೊಳಗೆ ಕೊಡಬೇಕಿತ್ತು. ಹೆಸರೇ ಗೊತ್ತಿಲ್ಲದ ಪುಸ್ತಕವನ್ನು ಕೇಳುವುದು ಹೇಗೆ? ಓದುವ ಬದುಕಿನ ಮುಖ್ಯ ಪುಸ್ತಕಗಳು ನಮಗೆ ಸಿಗುವುದು ಹುಡುಕಿದ್ದರಿಂದಲ್ಲ, ಬೇರೊಂದನ್ನು ಹುಡುಕುವಾಗ ಕಣ್ಣಿಗೆ ಬಿದ್ದದ್ದರಿಂದ. ಆ ಆಕಸ್ಮಿಕಕ್ಕೆ ಚೀಟಿಯ ಪದ್ಧತಿಯಲ್ಲಿ ಜಾಗವಿರಲಿಲ್ಲ. ಈಗ ಅನೇಕ ಕಡೆ ಕಪಾಟುಗಳು ತೆರೆದಿವೆ. ಆದರೂ ಸದಸ್ಯತ್ವಕ್ಕೆ ಸಾಮಾನ್ಯವಾಗಿ ಠೇವಣಿ ಬೇಕು, ವಿಳಾಸದ ದಾಖಲೆ ಬೇಕು. ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿ, ಊರಿಂದೂರಿಗೆ ದುಡಿಯಲು ಹೋಗುವವರ ಮಕ್ಕಳು ಈ ದಾಖಲೆಯ ಮುಂದೆ ನಿಂತುಬಿಡುತ್ತಾರೆ. ಪತ್ರಿಕೆಗಳ ಕೋಣೆಯಲ್ಲಿ ನಿವೃತ್ತರಾದ ಗಂಡಸರು ಕಾಣುತ್ತಾರೆ. ಹೆಂಗಸರು ಕಾಣುವುದು ಅಪರೂಪ. 'ಮೌನವಾಗಿರಿ' ಎಂಬ ಫಲಕ ಎಲ್ಲೆಡೆಯೂ ಇದೆ, 'ಇಲ್ಲಿ ಮಾತನಾಡಬಹುದು' ಎಂಬ ಕೋಣೆ ಎಲ್ಲಿಯೂ ಇಲ್ಲ.

ಇಂದಿನ ನಗರ ಗ್ರಂಥಾಲಯಗಳನ್ನು ತುಂಬಿರುವವರು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಸಿದ್ಧತೆ ನಡೆಸುವ ಯುವಕ ಯುವತಿಯರು. ಇವರಲ್ಲಿ ಬಹಳ ಮಂದಿ ತಮ್ಮ ಪುಸ್ತಕಗಳನ್ನು ತಾವೇ ತರುತ್ತಾರೆ. ಅವರಿಗೆ ಬೇಕಿರುವುದು ಮೇಜು, ಬೆಳಕು, ಫ್ಯಾನು, ಕುಡಿಯುವ ನೀರು, ಶೌಚಾಲಯ ಮತ್ತು ಯಾರೂ ಎಬ್ಬಿಸದ ಕುರ್ಚಿ. ಇದನ್ನು ಕಂಡು ಗ್ರಂಥಾಲಯಗಳು ಹಾಳಾದವು, ಸಾಹಿತ್ಯದ ಓದು ಸತ್ತಿತು ಎಂದು ಮರುಗುವವರು ನಮ್ಮಲ್ಲಿದ್ದಾರೆ. ನಾನು ಇದನ್ನು ಒಪ್ಪಲಾರೆ. ಒಂದೇ ಕೋಣೆಯ ಮನೆಯಲ್ಲಿ ಐದಾರು ಜನರ ನಡುವೆ ಬೆಳೆದವರಿಗೆ ಸಾರ್ವಜನಿಕ ಕುರ್ಚಿಯೊಂದು ದೊರೆಯುವುದು ಸಣ್ಣ ಸಂಗತಿಯಲ್ಲ. ಸಾರ್ವಜನಿಕ ಸ್ಥಳದ ನ್ಯಾಯವಾದ ಬಳಕೆ ಎಂದರೆ ಇದೇ. ಮರುಗಬೇಕಾದದ್ದು ಬೇರೆ ವಿಷಯಕ್ಕೆ: ವರ್ಷಗಟ್ಟಲೆ ಆ ಕುರ್ಚಿಯಲ್ಲಿ ಕುಳಿತವರಿಗೆ ಹತ್ತು ಹೆಜ್ಜೆ ದೂರದ ಕಪಾಟು ತಮ್ಮದೆಂದು ಅನ್ನಿಸದಿರುವುದಕ್ಕೆ.

ಹೀಗೆ ವಿಚಿತ್ರವಾದ ಅದಲುಬದಲು ಏರ್ಪಟ್ಟಿದೆ. ಅಂಗಡಿಯಲ್ಲಿ ಪುಸ್ತಕ ಬಳಕೆಯಾಗುತ್ತದೆ, ಕುಳಿತುಕೊಳ್ಳಲು ಜಾಗವಿಲ್ಲ. ಗ್ರಂಥಾಲಯದಲ್ಲಿ ಜಾಗ ಬಳಕೆಯಾಗುತ್ತದೆ, ಪುಸ್ತಕ ಬಳಕೆಯಾಗುವುದು ಕಡಿಮೆ. ಕೊಳ್ಳಬೇಕಾದ ಸ್ಥಳದಲ್ಲಿ ಜನ ಉಚಿತವಾಗಿ ಓದುತ್ತಿದ್ದಾರೆ. ಉಚಿತವಾಗಿ ಓದಬೇಕಾದ ಸ್ಥಳಕ್ಕೆ ಜನ ಕೊಂಡ ಪುಸ್ತಕಗಳನ್ನು ತರುತ್ತಿದ್ದಾರೆ.

ಈ ಕೊರತೆಯನ್ನು ಮಾರುಕಟ್ಟೆ ಬಹುಬೇಗ ಗುರುತಿಸಿತು. ಧಾರವಾಡದ ಸಪ್ತಾಪುರ, ಬೆಂಗಳೂರಿನ ವಿಜಯನಗರದಂಥ ತರಬೇತಿ ಕೇಂದ್ರಗಳ ಬಡಾವಣೆಗಳಲ್ಲಿ ತಿಂಗಳ ಲೆಕ್ಕದಲ್ಲಿ ಕುರ್ಚಿಯನ್ನು ಬಾಡಿಗೆಗೆ ಕೊಡುವ ಓದುವ ಕೋಣೆಗಳು ಬಂದಿವೆ. ಇವುಗಳಲ್ಲಿ ಕೆಲವು 'ಲೈಬ್ರರಿ' ಎಂದೇ ಹೆಸರಿಟ್ಟುಕೊಂಡಿವೆ. ಒಳಗೆ ಪುಸ್ತಕದ ಕಪಾಟು ಇರಬೇಕೆಂಬ ನಿಯಮವಿಲ್ಲ. ಅಂಗಡಿ ಪುಸ್ತಕವನ್ನು ಮಾರುತ್ತಿತ್ತು, ಜಾಗವನ್ನು ಪುಕ್ಕಟೆ ಕೊಡುತ್ತಿತ್ತು. ಇಲ್ಲಿ ಜಾಗವೇ ಸರಕು. ಉಪಕರ ಕಟ್ಟಿದ ಮನೆಯ ಮಗಳು ಅದೇ ಹಕ್ಕಿಗೆ ಎರಡನೆಯ ಸಲ ಹಣ ತೆರುತ್ತಿದ್ದಾಳೆ.

5

ಅಂಗಡಿ ಮತ್ತು ಗ್ರಂಥಾಲಯಗಳ ನಡುವೆ ನಿಂತಿದ್ದ ಒಂದು ರೂಪ ನಮ್ಮಲ್ಲಿತ್ತು. ಅದು ಬಾಡಿಗೆಗೆ ಪುಸ್ತಕ ಕೊಡುತ್ತಿದ್ದ ಸರ್ಕ್ಯುಲೇಟಿಂಗ್ ಲೈಬ್ರರಿ. ಕಳೆದ ಶತಮಾನದ ಐವತ್ತರಿಂದ ಎಂಬತ್ತರ ದಶಕದವರೆಗೆ ಬೆಂಗಳೂರು, ಮೈಸೂರುಗಳ ಬಡಾವಣೆಗಳಲ್ಲಿ ಇವು ಹಬ್ಬಿದ್ದವು. ಅ.ನ.ಕೃ., ತ್ರಿವೇಣಿ, ಎಂ.ಕೆ. ಇಂದಿರಾ, ಸಾಯಿಸುತೆಯವರ ಕಾದಂಬರಿಗಳು ಮನೆಮನೆಗೆ ಹೋದದ್ದು ಬಹುಮಟ್ಟಿಗೆ ಈ ದಾರಿಯಿಂದ. ಇವನ್ನು ನಡೆಸುತ್ತಿದ್ದವರು ವ್ಯಾಪಾರಿಗಳೇ. ಆದರೆ ಅವರು ಮಾರುತ್ತಿದ್ದುದು ಪುಸ್ತಕವನ್ನಲ್ಲ, ಓದಿನ ಒಂದೆರಡು ದಿನಗಳನ್ನು. ಮನೆಯಿಂದ ಹೊರಗೆ ಬರಲಾಗದ ಹೆಂಗಸರು ಮಕ್ಕಳ ಕೈಯಲ್ಲಿ ಚಿಲ್ಲರೆ ಕೊಟ್ಟು ಕಾದಂಬರಿ ತರಿಸಿಕೊಳ್ಳುತ್ತಿದ್ದರು. ಒಂದೇ ಪ್ರತಿ ಬೀದಿಯ ಹತ್ತು ಮನೆಗಳನ್ನು ಸುತ್ತಿ ಬರುವಾಗ ಆ ಹತ್ತು ಮನೆಗಳ ನಡುವೆ ಮಾತು ಹುಟ್ಟುತ್ತಿತ್ತು. ಓದುಗರು ಒಂದೆಡೆ ಸೇರದೆಯೂ ಪುಸ್ತಕದ ಸಂಚಾರದಿಂದಲೇ ಸಾರ್ವಜನಿಕ ವಲಯ ರೂಪುಗೊಳ್ಳಬಹುದು ಎಂಬುದಕ್ಕೆ ಇದು ಉತ್ತಮ ನಿದರ್ಶನ. ಕನ್ನಡದ ಮಹಿಳಾ ಓದುಗರನ್ನು ಕುರಿತ ಚರ್ಚೆ ಈ ಬಾಡಿಗೆ ಪುಸ್ತಕಾಲಯಗಳನ್ನು ಬಿಟ್ಟು ನಡೆಯಲಾರದು.

ಈ ರೂಪವೂ ಬಹುಮಟ್ಟಿಗೆ ಅಳಿಯಿತು. ದೂರದರ್ಶನ ಬಂತು, ಮಳಿಗೆಗಳ ಬಾಡಿಗೆ ಏರಿತು. ಇಲ್ಲಿಂದ ನಾವು ಮುಖ್ಯವಾದ ಅಂಶವೊಂದಕ್ಕೆ ಬರುತ್ತೇವೆ. ಅಂಗಡಿಯ ಸಾರ್ವಜನಿಕತೆ ಮಾಲೀಕನ ಔದಾರ್ಯದ ಮೇಲೆ ನಿಂತಿದೆ. ಗಂಟೆಗಟ್ಟಲೆ ನಿಂತು ಓದುವವನನ್ನು ಎಬ್ಬಿಸದಿರುವುದು ಶಾನಭಾಗರಂಥವರ ದೊಡ್ಡತನ. ಅದು ಓದುಗನ ಹಕ್ಕಲ್ಲ. ಔದಾರ್ಯಕ್ಕೆ ಆಯುಷ್ಯವಿದೆ. ಬಾಡಿಗೆಯ ಕರಾರು ಮುಗಿದಾಗ, ಮಾಲೀಕನಿಗೆ ವಯಸ್ಸಾದಾಗ, ಮಕ್ಕಳು ಬೇರೆ ವೃತ್ತಿ ಹಿಡಿದಾಗ ಅದು ಕೊನೆಗೊಳ್ಳುತ್ತದೆ. ಮುಂಬಯಿಯಲ್ಲಿ 1948ರಿಂದ ಇದ್ದ ಸ್ಟ್ರಾಂಡ್ ಬುಕ್ ಸ್ಟಾಲ್ 2018ರಲ್ಲಿ ಮುಚ್ಚಿದಾಗ ಎಷ್ಟು ಓದುಗರು ಮರುಗಿದರೂ ತಡೆಯುವ ಅಧಿಕಾರ ಯಾರಿಗೂ ಇರಲಿಲ್ಲ. ಮುಚ್ಚಬಾರದೆಂದು ಕೇಳುವ ಹಕ್ಕು ಗಿರಾಕಿಗಿಲ್ಲ.

ಗ್ರಂಥಾಲಯದ ವಿಷಯದಲ್ಲಿ ಆ ಹಕ್ಕು ಇದೆ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಆರಂಭಗೊಂಡ ಬೆಂಗಳೂರಿನ ಸಾರ್ವಜನಿಕ ಗ್ರಂಥಾಲಯ ಇಂದು ಕಬ್ಬನ್ ಉದ್ಯಾನದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯವಾಗಿ ಉಳಿದಿರುವುದು ಒಬ್ಬ ವ್ಯಕ್ತಿಯ ಔದಾರ್ಯದಿಂದಲ್ಲ. ಗ್ರಾಮ ಪಂಚಾಯತಿ ಗ್ರಂಥಾಲಯಗಳ ಉದಾಹರಣೆ ಇನ್ನೂ ಮುಖ್ಯವಾದುದು. 2019ರಲ್ಲಿ ಅವು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾವಣೆಯಾದವು. ಈಗ 'ಅರಿವು ಕೇಂದ್ರ'ಗಳೆಂಬ ಹೆಸರು ಪಡೆದಿವೆ. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮ ಶಾಲಾ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಿತು. ಪುಸ್ತಕದ ಅಂಗಡಿ ಎಂದೂ ಬಾರದ, ಬರುವ ಸಂಭವವೂ ಇಲ್ಲದ ಸಾವಿರಾರು ಊರುಗಳಲ್ಲಿ ಪಠ್ಯಪುಸ್ತಕವಲ್ಲದ ಪುಸ್ತಕವನ್ನು ಮಗುವೊಂದು ಮುಟ್ಟಬಹುದಾದ ಒಂದೇ ಜಾಗ ಅದು. ಊರಿನ ಎಲ್ಲ ಕಟ್ಟೆಗಳ ಮೇಲೂ ಎಲ್ಲ ಜಾತಿಯವರೂ ಕೂರಲಾರದ ಸಮಾಜದಲ್ಲಿ, ಎಲ್ಲರೂ ಕೂರಬಹುದಾದ ಬೆಂಚನ್ನು ಕಾನೂನು ಒದಗಿಸಿರುವುದು ಅಲ್ಪವಾದ ಸಂಗತಿಯಲ್ಲ. ಅದು ವಾಸ್ತವದಲ್ಲಿ ಹಾಗೆ ಬಳಕೆಯಾಗುತ್ತಿದೆಯೇ ಎಂಬುದನ್ನು ಊರೂರಿಗೆ ಹೋಗಿ ನೋಡುವ ಹೊಣೆ ನಮ್ಮದು.

6

ಇಲ್ಲಿ ಕನ್ನಡ ಅಧ್ಯಾಪಕರಾದ ನಾವು ನಮ್ಮನ್ನು ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವೆ. ನಮ್ಮಲ್ಲಿ ಎಷ್ಟು ಮಂದಿ ನಮ್ಮ ಬಡಾವಣೆಯ ಶಾಖಾ ಗ್ರಂಥಾಲಯದ ಸದಸ್ಯರು? ವಿಶ್ವವಿದ್ಯಾಲಯದ ಗ್ರಂಥಾಲಯ ನಮಗಿದೆ, ಪುಸ್ತಕ ಕೊಳ್ಳುವ ಶಕ್ತಿ ಬಂದಿದೆ. ಹೀಗಾಗಿ ಸಾರ್ವಜನಿಕ ಗ್ರಂಥಾಲಯ ನಮ್ಮ ದೈನಂದಿನ ಬದುಕಿನಿಂದ ಜಾರಿಹೋಗಿದೆ. ಅದರೊಂದಿಗೆ ನಮಗಿರುವ ನಂಟು ಸಗಟು ಖರೀದಿಯದು ಮಾತ್ರ. ನಮ್ಮ ಪುಸ್ತಕ ಆಯ್ಕೆಯಾಯಿತೇ, ಪ್ರಕಾಶಕರಿಗೆ ಹಣ ಬಂತೇ ಎಂದು ವಿಚಾರಿಸುತ್ತೇವೆ. ಆಯ್ಕೆಯಾದ ಪ್ರತಿಗಳು ಯಾವ ಊರು ಸೇರಿದವು, ಯಾರಾದರೂ ಅವುಗಳ ಪುಟ ಬಿಡಿಸಿದರೇ ಎಂದು ವಿಚಾರಿಸುವುದಿಲ್ಲ. ಈ ಲೇಖಕನೂ ಅಂಥವರಲ್ಲಿ ಒಬ್ಬ. ಕನ್ನಡ ಪ್ರಕಾಶನ ಗ್ರಂಥಾಲಯವನ್ನು ಗಿರಾಕಿಯಂತೆ ಕಂಡಿದೆ. ಓದುಗರ ಸ್ಥಳದಂತೆ ಕಂಡದ್ದು ಕಡಿಮೆ.

ಆಗಬೇಕಾದ ಕೆಲಸಗಳು ಅಸಾಧ್ಯವಾದವಲ್ಲ. ಅಂಗಡಿಯ ಐದು ಸ್ವಾತಂತ್ರ್ಯಗಳನ್ನು ಗ್ರಂಥಾಲಯಕ್ಕೆ ತರುವುದು ಮೊದಲನೆಯದು. ಕಪಾಟುಗಳನ್ನು ತೆರೆದಿಡುವುದು, ಸದಸ್ಯರಲ್ಲದವರೂ ಕುಳಿತು ಓದಬಹುದೆಂಬುದನ್ನು ಬಾಗಿಲಲ್ಲಿಯೇ ಬರೆದು ಹಾಕುವುದು, ವಿದ್ಯಾರ್ಥಿಗಳಿಗೆ ಕಾಲೇಜಿನ ಗುರುತಿನ ಚೀಟಿಯ ಮೇಲೆಯೇ ಎರವಲು ಕೊಡುವುದು, ಮೌನದ ಕೋಣೆಯ ಪಕ್ಕದಲ್ಲಿ ಮಾತಿನ ಕೋಣೆಯೊಂದನ್ನು ಇಡುವುದು, ಇವಕ್ಕೆ ಹೊಸ ಕಟ್ಟಡಗಳು ಬೇಕಿಲ್ಲ. ಎರಡನೆಯದು ನಮ್ಮ ವಿಭಾಗಗಳ ಕೆಲಸ. ನಾವು ವಿಚಾರ ಸಂಕಿರಣಗಳನ್ನು ನಮ್ಮ ಸಭಾಂಗಣಗಳಲ್ಲಿ ನಮ್ಮವರಿಗಾಗಿಯೇ ನಡೆಸುತ್ತೇವೆ. ತಿಂಗಳಿಗೊಮ್ಮೆ ಒಂದು ಪುಸ್ತಕದ ಚರ್ಚೆಯನ್ನು ಶಾಖಾ ಗ್ರಂಥಾಲಯದಲ್ಲಿ ನಡೆಸಿದರೆ ಪರೀಕ್ಷೆಗೆ ಓದುತ್ತಿರುವ ಹುಡುಗಿ ಹತ್ತು ನಿಮಿಷ ಕಿವಿಗೊಡಬಹುದು. ಪಂಪನನ್ನು, ವಚನಗಳನ್ನು ಅವಳು ಬಹು ಆಯ್ಕೆಯ ಪ್ರಶ್ನೆಗಳಾಗಿ ಓದುತ್ತಿರುತ್ತಾಳೆ. ಆ ಪ್ರಶ್ನೆಯ ಆಚೆಗೆ ಒಂದು ಕೃತಿಯಿದೆ, ಅದು ಪಕ್ಕದ ಕಪಾಟಿನಲ್ಲಿದೆ ಎಂದು ತೋರಿಸುವುದು ನಮ್ಮ ವೃತ್ತಿಯೇ ಅಲ್ಲವೆ?

ಮೂರನೆಯದು ಸಂಶೋಧನೆಗೆ ಸಂಬಂಧಿಸಿದ್ದು. ಕನ್ನಡ ಸಂಶೋಧನೆ ಕವಿಯ ಕಾಲ-ದೇಶಗಳನ್ನು, ಕೃತಿಯ ಪಾಠವನ್ನು ಶ್ರಮಪಟ್ಟು ನಿರ್ಧರಿಸಿದೆ. ಪ್ರಕಾಶನದ ಚರಿತ್ರೆಯತ್ತಲೂ ಗಮನ ಹರಿಸಿದೆ. ಓದುಗನ ಚರಿತ್ರೆ ಮಾತ್ರ ಇನ್ನೂ ಬಹುಮಟ್ಟಿಗೆ ಬರೆಯಬೇಕಾಗಿಯೇ ಉಳಿದಿದೆ. ಅದಕ್ಕೆ ಬೇಕಾದ ಆಕರಗಳು ಗ್ರಂಥಾಲಯದ ಎರವಲು ವಹಿಗಳಲ್ಲಿ, ಪುಸ್ತಕದ ಹಿಂಬದಿಗೆ ಅಂಟಿಸಿದ ದಿನಾಂಕದ ಚೀಟಿಗಳಲ್ಲಿ, ಬಾಡಿಗೆ ಪುಸ್ತಕಾಲಯಗಳ ಲೆಕ್ಕದ ಪುಸ್ತಕಗಳಲ್ಲಿ, ಗ್ರಂಥಮಾಲೆಗಳ ಚಂದಾದಾರರ ಪಟ್ಟಿಗಳಲ್ಲಿ ಇವೆ. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಂಥ, 1890ರಷ್ಟು ಹಿಂದೆ ಆರಂಭವಾದ ಸಂಸ್ಥೆಗಳನ್ನು ಈ ದೃಷ್ಟಿಯಿಂದಲೂ ನೋಡಬೇಕಾಗಿದೆ. ಗಣಕೀಕರಣದ ಭರದಲ್ಲಿ ಹಳೆಯ ವಹಿಗಳು ರದ್ದಿಗೆ ಹೋಗುವ ಅಪಾಯವಿದೆ. ಒಂದು ತಾಡವೋಲೆ ಸಿಕ್ಕರೆ ಹಿಗ್ಗುವ ನಾವು, ಒಂದು ಊರು ಐವತ್ತು ವರ್ಷ ಏನನ್ನು ಓದಿತೆಂಬುದಕ್ಕೆ ಸಾಕ್ಷಿಯಾದ ವಹಿಯನ್ನು ತೂಕಕ್ಕೆ ಹಾಕಲು ಬಿಡಬಾರದು.

ಪುಸ್ತಕದ ಅಂಗಡಿಗಳ ವಿರುದ್ಧ ಇಲ್ಲಿ ಏನನ್ನೂ ಹೇಳಿದಂತಾಗಿಲ್ಲ ಎಂದು ಭಾವಿಸುತ್ತೇನೆ. ಅವು ಬಾಳಬೇಕು, ನಾವು ಕೊಂಡರೆ ಮಾತ್ರ ಬಾಳುತ್ತವೆ. ಅಲ್ಲಿ ಕಳೆದ ಹೊತ್ತಿಗೆ ನಾವು ಋಣಿಗಳು. ಆದರೆ ಆ ಋಣವನ್ನು ತೀರಿಸುವ ಬಗೆ ಅಂಗಡಿ ಮುಚ್ಚಿದಾಗ ನೆನಪಿನ ಲೇಖನ ಬರೆಯುವುದಷ್ಟೇ ಅಲ್ಲ. ಅಲ್ಲಿ ಕಲಿತದ್ದನ್ನು ನಮ್ಮ ಹಕ್ಕಿನ ಮನೆಗೆ ಕೊಂಡೊಯ್ಯಬೇಕು. ಚಪ್ಪಲಿ ಬಿಟ್ಟು ಬಾಗಿಲಲ್ಲಿ ನಿಂತ ಆ ವಿದ್ಯಾರ್ಥಿ ಈಗ ಒಂದು ಕಾಲೇಜಿನಲ್ಲಿ ಕನ್ನಡ ಅಧ್ಯಾಪಕ. ಅವನು ತನ್ನ ವಿದ್ಯಾರ್ಥಿಗಳನ್ನು ಯಾವ ಬಾಗಿಲಿಗೆ ಕರೆದೊಯ್ಯುತ್ತಾನೆ, ಅಲ್ಲಿ ಅವರಿಗೆ ಏನು ಹೇಳುತ್ತಾನೆ ಎಂಬುದು ನಾವು ಈಗ ಮಾಡುವ ಕೆಲಸವನ್ನು ಅವಲಂಬಿಸಿದೆ. "ಒಳಗೆ ಬಾ, ಇದು ನಿನ್ನದು" ಎಂದು ಅವನು ಹೇಳುವಂತಾದರೆ, ಆ ಮಾತು ಔದಾರ್ಯದ ಮಾತಾಗಿರದೆ ನಿಜದ ಮಾತಾಗಿರಬೇಕು.